ಮನೆಯಲ್ಲಿ ಕಾಯಿಲೆ, ಪೇಟೆಯಲ್ಲಿ ಕೆಲಸ: ನೌಕರರ ರಜೆಯ ಹಕ್ಕುಗಳ ಕುರಿತು ಮಾಹಿತಿ

ಊರಿನಲ್ಲಿ ತಾಯಿಗೆ ಹುಷಾರಿಲ್ಲ, ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಫೋನು ಬರುತ್ತದೆ. ಮಗ ಅಥವಾ ಮಗಳು ಬೆಂಗಳೂರಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾರೆ. ರಾತ್ರಿ ಬಸ್ಸಿಗೆ ಹೊರಡಬೇಕು. ಎಷ್ಟು ದಿನವಾಗುತ್ತದೋ ಗೊತ್ತಿಲ್ಲ. "ಸಂಬಳ ಕೊಡದಿದ್ದರೂ ಪರವಾಗಿಲ್ಲ, ಹಿಂತಿರುಗಿ ಬಂದಾಗ ಕೆಲಸ ಇರುತ್ತದೆಯೇ?" ಎಂಬ ಪ್ರಶ್ನೆಯನ್ನು ನಮ್ಮ ಧರ್ಮಕೇಂದ್ರಗಳಲ್ಲಿ ಯುವಜನರೂ ಅವರ ಹೆತ್ತವರೂ ಕೇಳುತ್ತಿರುತ್ತಾರೆ. ಈ ಪ್ರಶ್ನೆಗೆ ಕಾನೂನು ಏನು ಉತ್ತರ ಕೊಡುತ್ತದೆ ಎಂಬುದನ್ನು ಬೆಂಗಳೂರಿನ ಅಕ್ಕಿಪೇಟೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಅಕ್ಕಿಪೇಟೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪಟ್ಟಣದ ಪೇಟೆಗಳಿಗೆ ಅಲ್ಲಿ ನಡೆಯುತ್ತಿದ್ದ ವ್ಯಾಪಾರದಿಂದಲೇ ಹೆಸರು ಬಂದಿದೆ: ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ. ಇಂದಿಗೂ ಇಲ್ಲಿ ಸಗಟು ಅಂಗಡಿ, ಗೋದಾಮು, ಸಣ್ಣಪುಟ್ಟ ಮುದ್ರಣಾಲಯಗಳು ಒತ್ತೊತ್ತಾಗಿವೆ. ಒಂದು ಅಂಗಡಿಯಲ್ಲಿ ನಾಲ್ಕು ಜನ, ಪಕ್ಕದ್ದರಲ್ಲಿ ಆರು ಜನ, ಮೇಲಿನ ಮಹಡಿಯ ಗೋದಾಮಿನಲ್ಲಿ ಹನ್ನೆರಡು ಜನ. ಮುಂದೆ ನೋಡಲಿರುವಂತೆ, ಈ ತಲೆಲೆಕ್ಕವೇ ಒಬ್ಬ ನೌಕರನಿಗೆ ಯಾವ ಹಕ್ಕು ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂಬುದನ್ನು ನಿರ್ಧರಿಸುತ್ತದೆ. ದೊಡ್ಡ ಕಂಪೆನಿಗಳ ನೌಕರರಿಗೆ ಮಾನವ ಸಂಪನ್ಮೂಲ ವಿಭಾಗ ಇರುತ್ತದೆ, ರಜೆಯ ಕೈಪಿಡಿ ಇರುತ್ತದೆ. ಪೇಟೆಯ ನೌಕರನಿಗೆ ಇರುವುದು ಯಜಮಾನರ ಮಾತು ಮಾತ್ರ. ಆದ್ದರಿಂದ ಕಾನೂನನ್ನು ತಿಳಿದಿರಬೇಕಾದ ಅಗತ್ಯ ಅವನಿಗೇ ಹೆಚ್ಚು.

ಮೊದಲು ನೇರ ಉತ್ತರ

ಕುಟುಂಬದವರ ಕಾಯಿಲೆಗಾಗಿ ಇಂತಿಷ್ಟು ವಾರ ಸಂಬಳರಹಿತ ರಜೆ ಪಡೆಯುವುದು ನೌಕರನ ಹಕ್ಕು, ಅಷ್ಟು ಕಾಲ ಕೆಲಸವನ್ನು ಕಾಯ್ದಿರಿಸತಕ್ಕದ್ದು ಎಂದು ಹೇಳುವ ಪ್ರತ್ಯೇಕ ಕಾನೂನು ಭಾರತದ ಖಾಸಗಿ ನೌಕರರಿಗೆ ಇಲ್ಲ. ಅಮೆರಿಕದಲ್ಲಿರುವ ನಮ್ಮ ಸಂಬಂಧಿಕರು ಇಂಥ ಹಕ್ಕಿನ ಬಗ್ಗೆ ಹೇಳುವುದನ್ನು ಕೇಳಿ, ಇಲ್ಲಿಯೂ ಅದು ಇದೆ ಎಂದು ಹಲವರು ಭಾವಿಸಿದ್ದಾರೆ. ಅದು ಸರಿಯಲ್ಲ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಉತ್ತರ ಅಪೂರ್ಣವಾಗುತ್ತದೆ. ನಮ್ಮ ರಾಜ್ಯದ ಕಾಯ್ದೆಯಲ್ಲಿ ಸಂಬಳಸಹಿತ ರಜೆಯೇ ಇದೆ. ಅದನ್ನು ಮನೆಯವರ ಕಾಯಿಲೆಗೂ ಬಳಸಬಹುದು. ಅದು ಮುಗಿದ ಮೇಲೆ ಯಜಮಾನರು ಒಪ್ಪಿ ಕೊಡುವ ಸಂಬಳರಹಿತ ರಜೆಗೆ ಕಾನೂನಿನ ರಕ್ಷಣೆ ಉಂಟು. ಯಜಮಾನರು ಒಪ್ಪದಿದ್ದರೂ, ನೋಟಿಸಿಲ್ಲದೆ ಕೆಲಸದಿಂದ ತೆಗೆದುಹಾಕುವಂತಿಲ್ಲ.

ಅಂಗಡಿ ಕಾಯ್ದೆಯ 12 ದಿನಗಳು

ಅಕ್ಕಿಪೇಟೆಯ ಅಂಗಡಿ ನೌಕರರಿಗೆ ಮುಖ್ಯವಾಗಿ ಅನ್ವಯಿಸುವುದು ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961. ರಾಜ್ಯ ಒಂದಾಗುವ ಮೊದಲು ಹಳೆಯ ಮೈಸೂರಿಗೆ 1948ರ ಕಾಯ್ದೆಯೂ, ಮದರಾಸಿಗೆ ಸೇರಿದ್ದ ನಮ್ಮ ದಕ್ಷಿಣ ಕನ್ನಡಕ್ಕೆ 1947ರ ಮದರಾಸು ಕಾಯ್ದೆಯೂ ಇದ್ದವು. ಅವೆಲ್ಲದರ ಬದಲಿಗೆ ಬಂದದ್ದು ಈ 1961ರ ಕಾಯ್ದೆ. ಕೇಂದ್ರ ಸರ್ಕಾರದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದಾಗ ಅನೇಕ ಹಳೆಯ ಕೇಂದ್ರ ಕಾಯ್ದೆಗಳು ರದ್ದಾದವು. ಆದರೆ ರಾಜ್ಯದ ಈ ಅಂಗಡಿ ಕಾಯ್ದೆ ಆ ಪಟ್ಟಿಯಲ್ಲಿ ಇಲ್ಲ.

ಈ ಕಾಯ್ದೆಯ 15ನೇ ಕಲಮಿನಲ್ಲಿ ಎರಡು ಬಗೆಯ ರಜೆಗಳಿವೆ. ಒಂದು, ವಾರ್ಷಿಕ ರಜೆ: ದುಡಿದ ಪ್ರತಿ 20 ದಿನಕ್ಕೆ 1 ದಿನದಂತೆ ಸಂಬಳಸಹಿತ ರಜೆ. ವರ್ಷಕ್ಕೆ 300 ದಿನ ದುಡಿದವನಿಗೆ 15 ದಿನ ಸಿಗುತ್ತದೆ. ಬಳಸದೆ ಉಳಿದದ್ದನ್ನು ಮುಂದಿನ ವರ್ಷಕ್ಕೆ ಒಯ್ಯಬಹುದು. ಹೀಗೆ ಕೂಡಿಡುವ ಮಿತಿ ಹಿಂದೆ 30 ದಿನ ಇತ್ತು, ಈಚಿನ ತಿದ್ದುಪಡಿಯಿಂದ 45 ದಿನಕ್ಕೆ ಏರಿದೆ.

ಎರಡನೆಯದು ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯವಾದದ್ದು. ವರ್ಷಕ್ಕೆ 12 ದಿನ ಮೀರದಂತೆ, ಕಾಯಿಲೆ, ಅಪಘಾತ ಅಥವಾ "ಬೇರೆ ಯಾವುದೇ ಸಮಂಜಸ ಕಾರಣ"ಕ್ಕಾಗಿ ಸಂಬಳಸಹಿತ ರಜೆ. ಇದನ್ನು ಪೇಟೆಯಲ್ಲಿ 'ಸಿಕ್ ಲೀವ್' ಎಂದು ಕರೆದು, ನೌಕರ ತಾನೇ ಮಲಗಿದರೆ ಮಾತ್ರ ಕೊಡುವ ರಜೆ ಎಂದು ನಡೆಸಿಕೊಂಡು ಬಂದವರಿದ್ದಾರೆ. ಕಾಯ್ದೆಯ ಮಾತು ಅಷ್ಟು ಸಂಕುಚಿತವಾಗಿಲ್ಲ. ತಂದೆಯ ಶಸ್ತ್ರಚಿಕಿತ್ಸೆ, ಹೆಂಡತಿಯ ಹೆರಿಗೆ, ಮಗುವಿನ ಜ್ವರ, ಮನೆಯಲ್ಲಿ ಮರಣ ಇವು ಸಮಂಜಸ ಕಾರಣಗಳಲ್ಲದಿದ್ದರೆ ಮತ್ತೆ ಯಾವುದು? ನನ್ನ ಅಭಿಪ್ರಾಯದಲ್ಲಿ ಕರ್ನಾಟಕದ ಅಂಗಡಿ ನೌಕರನಿಗೆ ಇರುವ ನಿಜವಾದ ಕುಟುಂಬ ರಜೆ ಇದೇ. ಹೆಸರು ಬೇರೆ, ಅಷ್ಟೇ.

ಎರಡನ್ನೂ ಕೂಡಿದರೆ ವರ್ಷಪೂರ್ತಿ ದುಡಿದವನಿಗೆ 27 ದಿನ ಆಗುತ್ತದೆ. ವಾರದ ರಜೆ ಇದಕ್ಕೆ ಹೊರತು. ಅಂದರೆ ಸಂಬಳರಹಿತ ರಜೆಯನ್ನು ಕೈಮುಗಿದು ಬೇಡುವ ಮೊದಲು, ಹತ್ತಿರ ಹತ್ತಿರ ಒಂದು ತಿಂಗಳ ಸಂಬಳಸಹಿತ ರಜೆ ತನ್ನ ಖಾತೆಯಲ್ಲಿ ಇದೆಯೇ ಎಂದು ನೌಕರ ನೋಡಿಕೊಳ್ಳಬೇಕು. ಮೊಂತಿ ಹಬ್ಬಕ್ಕೆ, ಊರ ಜಾತ್ರೆಗೆ, ಮದುವೆಗೆ ಎಂದು ಎಲ್ಲವನ್ನೂ ಮುಗಿಸಿಕೊಂಡವರಿಗೆ ಕಷ್ಟಕಾಲದಲ್ಲಿ ಏನೂ ಉಳಿದಿರುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು.

ಈ ಕಾಯ್ದೆ ಹತ್ತು ಜನ ಇರಬೇಕು ಎಂದು ಕಾಯುವುದಿಲ್ಲ. ಮೂವರು ನೌಕರರ ಅಂಗಡಿಗೂ ಅನ್ವಯಿಸುತ್ತದೆ. ನೌಕರನಿಗೆ ನೇಮಕಾತಿ ಪತ್ರ ಕೊಡಬೇಕೆಂದು 6-ಎ ಕಲಂ ಹೇಳುತ್ತದೆ. ಆ ಪತ್ರ ಕೈಯಲ್ಲಿ ಇಲ್ಲದವರು ಸಂಬಳ ಬ್ಯಾಂಕಿಗೆ ಜಮೆಯಾದ ದಾಖಲೆ, ಹಾಜರಿ ಪುಸ್ತಕದ ಫೋಟೊ, ಅಂಗಡಿಯ ಗುರುತಿನ ಚೀಟಿ ಇವುಗಳನ್ನಾದರೂ ಜೋಪಾನವಾಗಿ ಇಟ್ಟುಕೊಳ್ಳಬೇಕು. ತಾನು ಅಲ್ಲಿ ನೌಕರ ಎಂದು ತೋರಿಸಲಾಗದವನಿಗೆ ಯಾವ ಕಾಯ್ದೆಯೂ ನೆರವಾಗದು.

ಗಡಿಯಾಚೆಯ ಓದುಗರಿಗೆ ಒಂದು ಮಾತು. ಕಾಸರಗೋಡಿನ ಕನ್ನಡಿಗರಿಗೆ ಅನ್ವಯಿಸುವುದು ಕೇರಳದ 1960ರ ಅಂಗಡಿ ಕಾಯ್ದೆ. ಅದರಲ್ಲಿ ವಾರ್ಷಿಕ ರಜೆ 12 ದಿನ, ಕಾಯಿಲೆ ರಜೆ 12 ದಿನ, ಸಾಂದರ್ಭಿಕ ರಜೆ 12 ದಿನ ಎಂದು ಮೂರನ್ನೂ ಬೇರೆಬೇರೆಯಾಗಿ ಕೊಟ್ಟಿದೆ. ಮುಂಬಯಿಯ ನಮ್ಮವರಿಗೆ ಮಹಾರಾಷ್ಟ್ರದ 2017ರ ಕಾಯ್ದೆಯಲ್ಲಿ ವಾರ್ಷಿಕ ರಜೆಯ ಜೊತೆಗೆ 8 ದಿನಗಳ ಸಾಂದರ್ಭಿಕ ರಜೆ ಇದೆ. ಸಣ್ಣ ಅಂಗಡಿಗಳನ್ನು ಆ ಕಾಯ್ದೆ ಹೊರಗಿಟ್ಟಿದೆ.

ರಜೆ ಮುಗಿದರೂ ತಾಯಿ ಗುಣವಾಗದಿದ್ದರೆ

ಇಲ್ಲಿಂದ ಮುಂದಿನದೇ ಸಂಬಳರಹಿತ ರಜೆಯ ಮಾತು. ಇದನ್ನು ಯಜಮಾನರು ಒಪ್ಪಿ ಕೊಡಬೇಕು. ಒಪ್ಪುವುದು ಅವರ ವಿವೇಚನೆಗೆ ಬಿಟ್ಟದ್ದು. ಆದರೆ ಒಮ್ಮೆ ಒಪ್ಪಿದರೆ ಅದಕ್ಕೆ ಬೆಲೆಯಿದೆ. ಹಳೆಯ ಕೈಗಾರಿಕಾ ವಿವಾದ ಕಾಯ್ದೆಯ 25-ಬಿ ಕಲಂ ಪ್ರಕಾರ ಕಾಯಿಲೆ, ಅಪಘಾತ ಅಥವಾ ಮಂಜೂರಾದ ರಜೆಯಿಂದ ಸೇವೆ ತುಂಡಾದಂತೆ ಆಗುವುದಿಲ್ಲ. 2025ರ ನವೆಂಬರ್‌ನಿಂದ ಅದರ ಜಾಗದಲ್ಲಿ ಇರುವ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಇದೇ ತತ್ವವನ್ನು ಉಳಿಸಿಕೊಂಡಿದೆ. ಗ್ರಾಚ್ಯುಟಿ ಲೆಕ್ಕ ಹಾಕುವಾಗಲೂ ಇದೇ ರೀತಿ. ಹತ್ತು ಅಥವಾ ಹೆಚ್ಚು ನೌಕರರಿರುವ ಅಂಗಡಿಯಲ್ಲಿ ಐದು ವರ್ಷ ಪೂರೈಸಿದ ನೌಕರ ಬಿಟ್ಟುಹೋಗುವಾಗ ಪ್ರತಿ ವರ್ಷಕ್ಕೆ 15 ದಿನದ ಸಂಬಳದಂತೆ ಗ್ರಾಚ್ಯುಟಿ ಪಡೆಯಲು ಅರ್ಹ. ನಾಲ್ಕನೇ ವರ್ಷದಲ್ಲಿ ಎರಡು ತಿಂಗಳು ಅಪ್ಪನ ಆರೈಕೆಗೆ ಮಂಜೂರಾದ ರಜೆಯಲ್ಲಿ ಹೋಗಿ ಬಂದವನ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುವುದಿಲ್ಲ. "ನೀನು ಬಿಟ್ಟು ಹೋಗಿದ್ದೆ, ಈಗ ಹೊಸಬ" ಎಂದು ಹೇಳುವುದಕ್ಕೆ ಆಧಾರವಿಲ್ಲ.

'ಮಂಜೂರಾದ' ಎಂಬ ಪದವೇ ಇಲ್ಲಿ ಎಲ್ಲಕ್ಕಿಂತ ದೊಡ್ಡದು. "ಹೋಗಿ ಬಾ ಮಗಾ" ಎಂಬ ಬಾಯಿಮಾತನ್ನು ಎರಡು ತಿಂಗಳ ನಂತರ ಯಾರೂ ನೆನಪಿಟ್ಟುಕೊಂಡಿರುವುದಿಲ್ಲ. ಯಜಮಾನರು ಮೋಸಗಾರರೆಂದು ಇದರ ಅರ್ಥವಲ್ಲ. ಎಷ್ಟೋ ಮಂದಿ ಸಹೃದಯರಿದ್ದಾರೆ, ಆಸ್ಪತ್ರೆಯ ಖರ್ಚಿಗೆಂದು ಕೈಯಲ್ಲಿ ಹಣವಿಟ್ಟು ಕಳುಹಿಸುವವರೂ ಇದ್ದಾರೆ. ಆದರೆ ಅಂಗಡಿ ಮಗನ ಕೈಗೆ ಹೋಗಬಹುದು, ಪಾಲುದಾರರು ಬದಲಾಗಬಹುದು. ಕಾಗದ ಬದಲಾಗುವುದಿಲ್ಲ.

ಆದ್ದರಿಂದ ಅರ್ಜಿಯನ್ನು ಬರವಣಿಗೆಯಲ್ಲಿಯೇ ಕೊಡಬೇಕು. ದೊಡ್ಡ ಭಾಷೆ ಬೇಡ. ಈ ರೀತಿ ಬರೆದರೆ ಸಾಕು:

"ಮಾನ್ಯರೇ, ನಾನು ತಮ್ಮ ಅಂಗಡಿಯಲ್ಲಿ ಇಂಥ ದಿನಾಂಕದಿಂದ ಲೆಕ್ಕ ಬರೆಯುವ ಕೆಲಸ ಮಾಡುತ್ತಿದ್ದೇನೆ. ನನ್ನ ತಾಯಿಯನ್ನು ಇಂಥ ಊರಿನ ಆಸ್ಪತ್ರೆಯಲ್ಲಿ ದಾಖಲಿಸಿರುವುದರಿಂದ ಅವರ ಆರೈಕೆಗಾಗಿ ಇಂಥ ದಿನದಿಂದ ಇಂಥ ದಿನದವರೆಗೆ ರಜೆ ಬೇಕಾಗಿದೆ. ಇದರಲ್ಲಿ ನನ್ನ ಖಾತೆಯಲ್ಲಿರುವ ಇಷ್ಟು ದಿನಗಳನ್ನು ಸಂಬಳಸಹಿತ ರಜೆಯಾಗಿಯೂ, ಉಳಿದ ದಿನಗಳನ್ನು ಸಂಬಳರಹಿತ ರಜೆಯಾಗಿಯೂ ಮಂಜೂರು ಮಾಡಬೇಕಾಗಿ ವಿನಂತಿ. ಕೆಲಸ ಬಿಡುವ ಉದ್ದೇಶ ನನಗಿಲ್ಲ. ರಜೆಯ ಅವಧಿಯಲ್ಲಿ ನನ್ನ ವಿಳಾಸ ಮತ್ತು ಫೋನು ಸಂಖ್ಯೆ ಕೆಳಗಿದೆ. ಆಸ್ಪತ್ರೆಯ ಚೀಟಿಯ ಪ್ರತಿಯನ್ನು ಲಗತ್ತಿಸಿದ್ದೇನೆ."

"ಕೆಲಸ ಬಿಡುವ ಉದ್ದೇಶ ನನಗಿಲ್ಲ" ಎಂಬ ವಾಕ್ಯವನ್ನು ಮರೆಯಬಾರದು. ಅದು ಏಕೆ ಎಂಬುದು ಮುಂದೆ ತಿಳಿಯುತ್ತದೆ. ಒಂದು ಪ್ರತಿಯ ಮೇಲೆ ಯಜಮಾನರ ಅಥವಾ ಗುಮಾಸ್ತರ ಸಹಿ ಮತ್ತು ದಿನಾಂಕ ಪಡೆದು ಇಟ್ಟುಕೊಳ್ಳಬೇಕು. ಸಹಿ ಹಾಕಲು ಹಿಂಜರಿದರೆ ಅಂಚೆಯ ಮೂಲಕ ಕಳುಹಿಸಬಹುದು. ಹಳೆಯ ರಿಜಿಸ್ಟರ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾದುದರಿಂದ ಈಗ ಸ್ಪೀಡ್ ಪೋಸ್ಟ್ ರಸೀದಿಯೇ ಸಾಕ್ಷಿ. ರಾತ್ರೋರಾತ್ರಿ ಹೊರಡಬೇಕಾದಾಗ ವಾಟ್ಸಾಪ್ ಸಂದೇಶವಾದರೂ ಹೋಗಲಿ. ಆ ಸಂದೇಶವನ್ನೂ ಬಂದ ಉತ್ತರವನ್ನೂ ಅಳಿಸಬಾರದು. ರಜೆ ಮುಂದುವರಿಸಬೇಕಾದರೆ ಮುಗಿಯುವ ಮೊದಲೇ ಎರಡನೇ ಪತ್ರ ಹೋಗಬೇಕು.

"ಎಂಟು ದಿನ ಬಾರದಿದ್ದರೆ ಕೆಲಸ ಹೋಯಿತು"

ಪೇಟೆಯಲ್ಲಿ ಹೀಗೊಂದು ನಂಬಿಕೆ ಇದೆ. ಇದರ ಮೂಲ ದೊಡ್ಡ ಕಾರ್ಖಾನೆಗಳ ಸ್ಥಾಯಿ ಆದೇಶಗಳಲ್ಲಿ ಇದೆ. ರಜೆ ಮೀರಿ ಎಂಟು ದಿನ ಗೈರಾದರೆ ನೌಕರನು ಕೆಲಸದ ಮೇಲಿನ ಹಕ್ಕು ಕಳೆದುಕೊಳ್ಳುತ್ತಾನೆ ಎಂಬ ನಿಯಮ ಅಲ್ಲಿತ್ತು. ಆ ನಿಯಮದ ಮೇಲೆಯೇ ಡಿ.ಕೆ. ಯಾದವ್ ವಿರುದ್ಧ ಜೆ.ಎಂ.ಎ. ಇಂಡಸ್ಟ್ರೀಸ್ ಪ್ರಕರಣ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 1993ರಲ್ಲಿ ತೀರ್ಪು ಬಂದಿತು. ಕೆಲಸವೆಂದರೆ ಜೀವನೋಪಾಯ, ಅದನ್ನು ಕಸಿಯುವ ಮೊದಲು ನೌಕರನ ಮಾತು ಕೇಳಲೇಬೇಕು, ವಿಚಾರಣೆಯಿಲ್ಲದೆ ತನ್ನಿಂದ ತಾನೇ ಕೆಲಸ ಹೋಯಿತು ಎನ್ನುವುದು ಸಹಜ ನ್ಯಾಯಕ್ಕೆ ವಿರುದ್ಧ ಎಂಬುದು ಅದರ ಸಾರ. ಆ ನೌಕರನನ್ನು ಅರ್ಧ ಹಿಂಬಾಕಿ ಸಂಬಳದೊಂದಿಗೆ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲು ಆದೇಶವಾಯಿತು.

ಅದಕ್ಕೂ ಮೊದಲು, 1982ರಲ್ಲಿ, ಎಲ್. ರಾಬರ್ಟ್ ಡಿಸೋಜ ಪ್ರಕರಣದಲ್ಲಿ ದಕ್ಷಿಣ ರೈಲ್ವೆಯು ಗೈರುಹಾಜರಿಯ ಕಾರಣಕ್ಕೆ ದಿನಗೂಲಿ ನೌಕರನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದ್ದನ್ನು ಇದೇ ನ್ಯಾಯಾಲಯ ಪರಿಶೀಲಿಸಿತ್ತು. ಪಟ್ಟಿಯಿಂದ ಹೆಸರು ತೆಗೆಯುವುದೆಂದರೆ ಕೆಲಸದಿಂದ ತೆಗೆದಂತೆಯೇ, ಅದಕ್ಕೆ ಕಾನೂನಿನ ನೋಟಿಸು ಮತ್ತು ಪರಿಹಾರ ಬೇಕು ಎಂದು ಅದು ಹೇಳಿತು. ಕೆಲಸ ಬಿಟ್ಟುಹೋಗುವುದು ಮನಸ್ಸಿನ ಉದ್ದೇಶಕ್ಕೆ ಸಂಬಂಧಿಸಿದ್ದು ಎಂಬುದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿದ ಮಾತು. ಅರ್ಜಿಯಲ್ಲಿ "ಕೆಲಸ ಬಿಡುವ ಉದ್ದೇಶ ನನಗಿಲ್ಲ" ಎಂದು ಬರೆಯಬೇಕು ಎಂದದ್ದು ಇದಕ್ಕಾಗಿ.

ಅಂಗಡಿ ನೌಕರರಿಗೆ ಇದಲ್ಲದೆ 1961ರ ಕಾಯ್ದೆಯ 39ನೇ ಕಲಮಿನ ರಕ್ಷಣೆ ಇದೆ. ಆರು ತಿಂಗಳು ನಿರಂತರ ಸೇವೆ ಸಲ್ಲಿಸಿದ ನೌಕರನನ್ನು ಸಮಂಜಸ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸು ಅಥವಾ ಅದರ ಬದಲು ಒಂದು ತಿಂಗಳ ಸಂಬಳ ಕೊಡದೆ ತೆಗೆಯುವಂತಿಲ್ಲ. ದುರ್ನಡತೆಯ ಆರೋಪವಿದ್ದರೆ ನೋಟಿಸು ಬೇಕಿಲ್ಲ, ಆದರೆ ವಿಚಾರಣೆ ನಡೆಸಿ ಆರೋಪವನ್ನು ಸಾಬೀತುಪಡಿಸಬೇಕು. ತೆಗೆದುಹಾಕಲ್ಪಟ್ಟವರು ಕಾರ್ಮಿಕ ಇಲಾಖೆಯ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ತಡಮಾಡಬಾರದು.

ಇಷ್ಟೆಲ್ಲ ಇದ್ದರೂ ಒಂದು ಸತ್ಯವನ್ನು ಮುಚ್ಚಿಡುವುದು ಸರಿಯಲ್ಲ. ಹೇಳದೆ ಕೇಳದೆ ತಿಂಗಳುಗಟ್ಟಲೆ ಹೋದವನಿಗೆ ಈ ತೀರ್ಪುಗಳು ಕವಚವಾಗುವುದಿಲ್ಲ. ಪತ್ರ ಬರೆದರೂ ಉತ್ತರಿಸದವನನ್ನು ವಿಚಾರಣೆ ನಡೆಸಿ ತೆಗೆದರೆ ಅದು ನಿಲ್ಲುತ್ತದೆ.

ತಾನೇ ಕಾಯಿಲೆ ಬಿದ್ದರೆ: ಇಎಸ್‌ಐ

ಹತ್ತು ಅಥವಾ ಹೆಚ್ಚು ಜನ ದುಡಿಯುವ ಅಂಗಡಿ, ಗೋದಾಮುಗಳಿಗೆ ರಾಜ್ಯ ವಿಮಾ ಯೋಜನೆ, ಅಂದರೆ ಇಎಸ್‌ಐ, ಅನ್ವಯಿಸುತ್ತದೆ. 1948ರ ಕಾಯ್ದೆಯ ಬದಲು ಈಗ ಸಾಮಾಜಿಕ ಭದ್ರತಾ ಸಂಹಿತೆ ಬಂದಿದ್ದರೂ ಯೋಜನೆ ಮುಂದುವರಿದಿದೆ. 2017ರಿಂದ ತಿಂಗಳ ಸಂಬಳ 21,000 ರೂಪಾಯಿ ಮೀರದವರು ಇದರ ವ್ಯಾಪ್ತಿಗೆ ಬರುತ್ತಾರೆ. 2019ರ ಜುಲೈಯಿಂದ ನೌಕರನ ವಂತಿಗೆ ಸಂಬಳದ ಶೇಕಡಾ 0.75, ಯಜಮಾನರದು ಶೇಕಡಾ 3.25.

ಕಾಯಿಲೆಯಿಂದ ಕೆಲಸಕ್ಕೆ ಹೋಗಲಾಗದಿದ್ದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇಕಡಾ 70ರಷ್ಟು ನಗದು ಸಿಗುತ್ತದೆ. ತಿಂಗಳಿಗೆ 15,000 ರೂಪಾಯಿ, ಎಂದರೆ ದಿನಕ್ಕೆ 500 ರೂಪಾಯಿ ಸಂಬಳ ಇರುವವನಿಗೆ ದಿನಕ್ಕೆ 350 ರೂಪಾಯಿ. ಪೂರ್ತಿ 91 ದಿನಕ್ಕೆ 31,850 ರೂಪಾಯಿ. ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಸಿಗುವುದಿಲ್ಲ. ಕ್ಷಯ, ಕ್ಯಾನ್ಸರ್ ಮೊದಲಾದ 34 ದೀರ್ಘಕಾಲದ ಕಾಯಿಲೆಗಳಿಗೆ, ಎರಡು ವರ್ಷ ವಿಮಾದಾರನಾಗಿದ್ದು ವಂತಿಗೆಯ ಷರತ್ತು ಪೂರೈಸಿದವನಿಗೆ, ಶೇಕಡಾ 80ರ ದರದಲ್ಲಿ ಎರಡು ವರ್ಷದವರೆಗೂ ವಿಸ್ತರಣೆ ಇದೆ. ಈ ವಿಸ್ತರಣೆಯ ವಿಷಯ ತಿಳಿಯದೆ ಮನೆ ಮಾರಿದವರಿದ್ದಾರೆ.

ಅರ್ಹತೆಯ ಲೆಕ್ಕವನ್ನು ಸ್ವಲ್ಪ ಗಮನವಿಟ್ಟು ಓದಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ವಂತಿಗೆ ಅವಧಿ. ಅದರಲ್ಲಿ ಕನಿಷ್ಠ 78 ದಿನಗಳ ವಂತಿಗೆ ಕಟ್ಟಿದ್ದರೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಕಾಯಿಲೆ ಸೌಲಭ್ಯ ಸಿಗುತ್ತದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ವಂತಿಗೆಗೆ ಜುಲೈಯಿಂದ ಡಿಸೆಂಬರ್‌ವರೆಗೆ. ಇಲ್ಲಿಯೇ ಸಂಬಳರಹಿತ ರಜೆಯ ಒಂದು ಗುಪ್ತ ಹೊಡೆತ ಇರುವುದು. ಸಂಬಳವಿಲ್ಲದ ದಿನಕ್ಕೆ ವಂತಿಗೆಯೂ ಇಲ್ಲ. ಅಪ್ಪನ ಆರೈಕೆಗೆಂದು ಜೂನ್‌ನಿಂದ ಮೂರು ತಿಂಗಳು ಸಂಬಳರಹಿತ ರಜೆಯಲ್ಲಿ ಹೋದವನಿಗೆ 78 ದಿನ ತುಂಬದೆ, ಮುಂದಿನ ಫೆಬ್ರವರಿಯಲ್ಲಿ ತಾನೇ ಮಲಗಿದಾಗ ಏನೂ ಸಿಗದೆ ಹೋಗಬಹುದು. ಆದ್ದರಿಂದ ಸಂಬಳಸಹಿತ ರಜೆಯನ್ನು ಮೊದಲು ಬಳಸಿ, ಸಂಬಳರಹಿತ ರಜೆಯನ್ನು ಆದಷ್ಟು ಎರಡು ಅವಧಿಗಳಿಗೆ ಹಂಚಿಕೊಳ್ಳುವುದು ಜಾಣತನ.

ಇಎಸ್‌ಐ ವೈದ್ಯರ ಪ್ರಮಾಣಪತ್ರವೇ ಮುಖ್ಯ ಆಧಾರ. ಖಾಸಗಿ ಆಸ್ಪತ್ರೆಗೆ ಹೋಗಿ ಗುಣವಾದ ನಂತರ ಇಎಸ್‌ಐ ಕಚೇರಿಗೆ ಹೋಗುವವರು ಅಲೆದಾಡಬೇಕಾಗುತ್ತದೆ. ಕಾಯಿಲೆಯ ಮೊದಲ ದಿನವೇ ಇಎಸ್‌ಐ ಔಷಧಾಲಯಕ್ಕೆ ಹೋಗಿ ಬರೆಸಿಕೊಳ್ಳಬೇಕು. ಬೆಂಗಳೂರಿನಲ್ಲಿ ರಾಜಾಜಿನಗರದಲ್ಲಿಯೂ, ಮಂಗಳೂರಿನಲ್ಲಿ ಶಿವಭಾಗ್‌ನಲ್ಲಿಯೂ ಇಎಸ್‌ಐ ಆಸ್ಪತ್ರೆಗಳಿವೆ.

ನೌಕರನ ಹೆಂಡತಿ, ಮಕ್ಕಳು ಮತ್ತು ಅವನನ್ನೇ ಅವಲಂಬಿಸಿದ ತಂದೆತಾಯಿಗಳಿಗೂ ಇಎಸ್‌ಐ ಚಿಕಿತ್ಸೆ ಇದೆ. ಹೊಸ ಸಂಹಿತೆಯಲ್ಲಿ ಮಹಿಳಾ ನೌಕರರ ಅವಲಂಬಿತ ಅತ್ತೆಮಾವಂದಿರೂ ಕುಟುಂಬದ ವ್ಯಾಖ್ಯೆಗೆ ಸೇರಿದ್ದಾರೆ. ಆದರೆ ತಾಯಿಯ ಪಕ್ಕದಲ್ಲಿ ಕುಳಿತ ಮಗನ ನಷ್ಟವಾದ ಕೂಲಿಗೆ ಇಎಸ್‌ಐ ಒಂದು ಪೈಸೆಯನ್ನೂ ಕೊಡುವುದಿಲ್ಲ. ರೋಗಿಗೆ ಔಷಧಿ ಉಂಟು, ಆರೈಕೆ ಮಾಡುವವನಿಗೆ ಏನೂ ಇಲ್ಲ. ನಮ್ಮ ಸಾಮಾಜಿಕ ಭದ್ರತೆಯ ದೊಡ್ಡ ಬಿರುಕು ಇದೇ ಎಂದು ಹೇಳಬೇಕಾಗುತ್ತದೆ. ಇಪ್ಪತ್ತು ಜನರಿರುವ ಸಂಸ್ಥೆಯಲ್ಲಿ ಭವಿಷ್ಯನಿಧಿ ಇದ್ದರೆ ಕುಟುಂಬದ ಚಿಕಿತ್ಸೆಗೆ ಅದರಿಂದ ಒಂದಂಶ ತೆಗೆಯಬಹುದು. ಅದು ತನ್ನದೇ ಉಳಿತಾಯ ಎಂಬುದು ನೆನಪಿರಲಿ.

ಹೆರಿಗೆ ಮತ್ತು ಮಹಿಳೆಯರ ರಜೆ

ಹತ್ತು ಜನರ ಲೆಕ್ಕ ಇಲ್ಲಿಯೂ ಇದೆ. ಅಂಥ ಸಂಸ್ಥೆಯಲ್ಲಿ ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ದುಡಿದ ಮಹಿಳೆಗೆ ಮೊದಲ ಎರಡು ಮಕ್ಕಳಿಗೆ 26 ವಾರ, ನಂತರದ ಹೆರಿಗೆಗೆ 12 ವಾರ ಪೂರ್ಣ ಸಂಬಳದ ರಜೆ. 12 ವಾರ ಇದ್ದುದನ್ನು 26ಕ್ಕೆ ಏರಿಸಿದ್ದು 2017ರ ತಿದ್ದುಪಡಿ. ಈಗ ಅದು ಸಾಮಾಜಿಕ ಭದ್ರತಾ ಸಂಹಿತೆಯ ಭಾಗ. ಇಎಸ್‌ಐ ಇರುವವರಿಗೆ ಈ ಹಣ ಇಎಸ್‌ಐಯಿಂದಲೇ ಬರುತ್ತದೆ. ಗರ್ಭಪಾತವಾದರೆ 6 ವಾರ, ಗರ್ಭ ಅಥವಾ ಹೆರಿಗೆಯಿಂದ ಉಂಟಾದ ಕಾಯಿಲೆಗೆ ಇನ್ನೂ ಒಂದು ತಿಂಗಳು. ಗರ್ಭಪಾತದ 6 ವಾರಗಳ ವಿಷಯವನ್ನು ನಮ್ಮ ಸ್ತ್ರೀ ಸಂಘಟನೆಗಳು ಒತ್ತಿ ತಿಳಿಸಬೇಕು. ದುಃಖವನ್ನು ನುಂಗಿ ಮೂರನೇ ದಿನಕ್ಕೆ ಕೆಲಸಕ್ಕೆ ಹೋಗುವವರು ಬಹಳ. ಹೆರಿಗೆ ರಜೆಯಲ್ಲಿ ಇರುವವಳನ್ನು ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ದಿನಗೂಲಿ ಎಂಬ ನೆಪವೂ ನಡೆಯದು: ದೆಹಲಿ ಮಹಾನಗರಪಾಲಿಕೆಯ ದಿನಗೂಲಿ ಮಹಿಳೆಯರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2000ದಲ್ಲಿಯೇ ಇದನ್ನು ತೀರ್ಮಾನಿಸಿದೆ.

ನಾಲ್ಕೈದು ಜನರ ಅಂಗಡಿಯ ಮಹಿಳೆಗೆ ಇದಾವುದೂ ಇಲ್ಲ. ಅವಳಿಗೆ ಉಳಿಯುವುದು ಅದೇ 12 ದಿನ, ಕೂಡಿಟ್ಟ ವಾರ್ಷಿಕ ರಜೆ ಮತ್ತು ಯಜಮಾನರ ದಯೆ.

ಕರ್ನಾಟಕ ಸರ್ಕಾರ 2025ರ ನವೆಂಬರ್‌ನಲ್ಲಿ ಹೊರಡಿಸಿದ ಆದೇಶದಂತೆ 18ರಿಂದ 52 ವರ್ಷದ ಮಹಿಳಾ ನೌಕರರಿಗೆ ತಿಂಗಳಿಗೆ ಒಂದು ದಿನದಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಋತುಚಕ್ರ ರಜೆ ಇದೆ. ವೈದ್ಯಕೀಯ ಪ್ರಮಾಣಪತ್ರ ಕೇಳುವಂತಿಲ್ಲ, ಮುಂದಿನ ತಿಂಗಳಿಗೆ ಒಯ್ಯುವಂತಿಲ್ಲ. ಅಂಗಡಿ ಕಾಯ್ದೆಯ ಸಂಸ್ಥೆಗಳೂ ಆದೇಶದಲ್ಲಿ ಸೇರಿವೆ. ಇದನ್ನು ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಲಾಯಿತು. 2025ರ ಡಿಸೆಂಬರ್ 9ರಂದು ತಡೆಯಾಜ್ಞೆ ಬಂದು ಅದೇ ದಿನ ಅದನ್ನು ಹಿಂತೆಗೆದುಕೊಳ್ಳಲಾಯಿತು.

ಇನ್ನು ತಂದೆಯಾದವನಿಗೆ? ಸರ್ಕಾರಿ ನೌಕರನಿಗೆ 15 ದಿನ ಪಿತೃತ್ವ ರಜೆ ಇದೆ. ಕೇಂದ್ರದ ಮಹಿಳಾ ನೌಕರರಿಗೆ ಸೇವಾವಧಿಯಲ್ಲಿ 730 ದಿನ ಮಕ್ಕಳ ಆರೈಕೆ ರಜೆಯೂ ಇದೆ. ಅಕ್ಕಿಪೇಟೆಯ ತಂದೆಗೆ ಆ ಹೆಸರಿನ ರಜೆ ಯಾವ ಕಾಯ್ದೆಯಲ್ಲೂ ಇಲ್ಲ. ಹಮಾಲಿ ಕೆಲಸದವರ ಸ್ಥಿತಿ ಇನ್ನೂ ಕಷ್ಟ. ಹೊತ್ತ ಮೂಟೆಗೆ ಕೂಲಿ, ಹೊರದ ದಿನ ಏನೂ ಇಲ್ಲ. ಅವರು ರಾಜ್ಯದ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ನೋಂದಾಯಿಸಿಕೊಳ್ಳಲಿ. ಅದು ರಜೆ ಕೊಡುವುದಿಲ್ಲ, ಅಪಘಾತ ಪರಿಹಾರಕ್ಕೆ ದಾರಿಯಾಗುತ್ತದೆ.

ವಿದೇಶದಲ್ಲಿರುವ ನಮ್ಮವರು

ಅಮೆರಿಕದ ಕುಟುಂಬ ಮತ್ತು ವೈದ್ಯಕೀಯ ರಜೆ ಕಾಯ್ದೆಗೆ 1993ರ ಫೆಬ್ರವರಿ 5ರಂದು ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದರು. 12 ತಿಂಗಳ ಸೇವೆ, ಹಿಂದಿನ ವರ್ಷದಲ್ಲಿ 1,250 ಗಂಟೆಗಳ ದುಡಿಮೆ, ಉದ್ಯೋಗದಾತನಿಗೆ 75 ಮೈಲಿಯೊಳಗೆ 50 ನೌಕರರು ಇದ್ದರೆ ವರ್ಷಕ್ಕೆ 12 ವಾರ ಸಂಬಳರಹಿತ ರಜೆ ಹಕ್ಕಾಗಿ ಸಿಗುತ್ತದೆ. ಆರೋಗ್ಯ ವಿಮೆ ಮುಂದುವರಿಯುತ್ತದೆ, ಅದೇ ಅಥವಾ ಸಮಾನ ಹುದ್ದೆ ಮರಳಿ ಸಿಗಬೇಕು. ತಂದೆತಾಯಿ ಮಂಗಳೂರಿನಲ್ಲಿಯೇ ಇದ್ದರೂ ಅವರ ಗಂಭೀರ ಕಾಯಿಲೆಗೆ ಈ ರಜೆ ಪಡೆಯಬಹುದು. ಇಲ್ಲಿನ ವೈದ್ಯರ ಪ್ರಮಾಣಪತ್ರ ನಡೆಯುತ್ತದೆ. ಆದರೆ ಅತ್ತೆಮಾವಂದಿರು ಈ ಕಾಯ್ದೆಯ 'ಹೆತ್ತವರು' ಎಂಬ ಪದದಲ್ಲಿ ಸೇರಿಲ್ಲ, ಅಣ್ಣತಮ್ಮಂದಿರೂ ಸಾಮಾನ್ಯವಾಗಿ ಇಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 6ರಿಂದ ಆರೈಕೆಗಾರರಿಗೆ ವರ್ಷಕ್ಕೆ ಒಂದು ವಾರ ಸಂಬಳರಹಿತ ರಜೆ ಹಕ್ಕಾಗಿದೆ.

ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2021ರ ಕಾರ್ಮಿಕ ಕಾನೂನಿನ ಪ್ರಕಾರ ವರ್ಷಕ್ಕೆ 90 ದಿನ ಕಾಯಿಲೆ ರಜೆ. ಮೊದಲ 15 ದಿನ ಪೂರ್ಣ ಸಂಬಳ, ನಂತರ 30 ದಿನ ಅರ್ಧ, ಉಳಿದ 45 ದಿನ ಸಂಬಳರಹಿತ. ಪ್ರೊಬೇಷನ್ ಮುಗಿದಿರಬೇಕು. ಮಗು ಹುಟ್ಟಿದಾಗ ತಂದೆಗೂ 5 ಕೆಲಸದ ದಿನ. ಸಂಗಾತಿ ತೀರಿದರೆ 5 ದಿನ, ತಂದೆ, ತಾಯಿ, ಮಗು ಅಥವಾ ಒಡಹುಟ್ಟಿದವರು ತೀರಿದರೆ 3 ದಿನ. ದುಬೈಯಿಂದ ಊರಿಗೆ ಬಂದು ಮಣ್ಣು ಕೊಟ್ಟು ಹಿಂತಿರುಗುವುದಕ್ಕೆ ಮೂರು ದಿನ ಎಷ್ಟು ಸಾಲುತ್ತದೆ ಎಂಬುದು ಬಂದು ಹೋದವರಿಗೇ ಗೊತ್ತು.

ನಮ್ಮ ಸಂಸ್ಥೆಗಳ ಮಾತು

ಚರ್ಚು, ಶಾಲೆ, ಆಸ್ಪತ್ರೆಗಳೂ ಉದ್ಯೋಗದಾತರೇ. ರೋಗಿಗಳ ಮತ್ತು ನಿರ್ಗತಿಕರ ಆರೈಕೆಯ ಸಂಸ್ಥೆಗಳನ್ನೂ, ಶಿಕ್ಷಣವೇ ಪ್ರಧಾನವಾದ ಸಂಸ್ಥೆಗಳನ್ನೂ 1961ರ ಅಂಗಡಿ ಕಾಯ್ದೆ ಹೊರಗಿಟ್ಟಿದೆ. ಹಾಗೆಂದು ಅಲ್ಲಿನ ಆಯಾ, ಅಡುಗೆಯವರು, ಗುಮಾಸ್ತರಿಗೆ ರಜೆಯೇ ಬೇಡ ಎಂದಲ್ಲ. ಹೊಸ ಸಂಹಿತೆಯಲ್ಲಿ 'ಸಂಸ್ಥೆ' ಎಂಬ ಪದಕ್ಕೆ ಉದ್ದಿಮೆ, ವ್ಯಾಪಾರ, ವೃತ್ತಿ ನಡೆಯುವ ಸ್ಥಳ ಎಂಬ ವಿಶಾಲ ಅರ್ಥವಿದೆ. ಆಡಳಿತ ನಡೆಸುವವರು ಹೆರಿಗೆ ಮತ್ತು ಇಎಸ್‌ಐ ವಿಷಯದಲ್ಲಿ ವಕೀಲರನ್ನು ಕೇಳಿ ತಮ್ಮ ಹೊಣೆಯನ್ನು ಖಚಿತಪಡಿಸಿಕೊಳ್ಳಬೇಕು. ಸಣ್ಣ ಧರ್ಮಕೇಂದ್ರದಲ್ಲಿ ಗಂಟೆ ಬಾರಿಸುವ ಮಿರೋಣಿಗೆ, ಧರ್ಮಗುರುಗಳ ಮನೆಯ ಅಡುಗೆಯವಳಿಗೆ ಯಾವ ಕಾಯ್ದೆಯೂ ನೇರವಾಗಿ ತಲುಪದಿರಬಹುದು. ದುಡಿಯುವವನ ವಿಶ್ರಾಂತಿ ಮತ್ತು ಕುಟುಂಬದ ಹಕ್ಕಿನ ಬಗ್ಗೆ ಜಗದ್ಗುರು ಎರಡನೇ ಜಾನ್ ಪಾವ್ಲರು 1981ರ ವಿಶ್ವಪತ್ರದಲ್ಲಿ ಬರೆದದ್ದನ್ನು ಬೋಧಿಸುವ ನಾವು, ಇವರಿಗೆ ವರ್ಷಕ್ಕೆ ಎಷ್ಟು ದಿನ ಸಂಬಳಸಹಿತ ರಜೆ, ಮನೆಯಲ್ಲಿ ಕಾಯಿಲೆಯಾದರೆ ಎಷ್ಟು ದಿನ ಕೆಲಸ ಕಾಯ್ದಿರಿಸುತ್ತೇವೆ ಎಂಬುದನ್ನು ಒಂದು ಪುಟದಲ್ಲಿ ಬರೆದು ಕೊಡುವುದು ಕಷ್ಟವಲ್ಲ. ಪಾಲನಾ ಸಮಿತಿಯ ಮುಂದಿನ ಸಭೆಯಲ್ಲಿ ಈ ವಿಷಯ ಬರಲಿ.

ಎಲ್ಲಿ ಕೇಳಬೇಕು

ಅಂಗಡಿ ಕಾಯ್ದೆಯ ದೂರುಗಳಿಗೆ ಆಯಾ ಪ್ರದೇಶದ ಕಾರ್ಮಿಕ ನಿರೀಕ್ಷಕರು. ಬೆಂಗಳೂರಿನಲ್ಲಿ ಇಲಾಖೆಯ ಕೇಂದ್ರ ಕಚೇರಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ. ಇಲಾಖೆಯ ಸಹಾಯವಾಣಿ 155214. ಇಎಸ್‌ಐ ವಿಚಾರಕ್ಕೆ ಶುಲ್ಕರಹಿತ ಸಂಖ್ಯೆ 1800-11-2526. ವಕೀಲರಿಗೆ ಕೊಡಲು ಹಣವಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕಾಣಬಹುದು, ದೂರವಾಣಿ 15100. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಇದೆ. ಹೋಗುವಾಗ ರಜೆ ಅರ್ಜಿಯ ಪ್ರತಿ, ಆಸ್ಪತ್ರೆಯ ಚೀಟಿ, ಸಂಬಳದ ದಾಖಲೆ, ಸ್ಪೀಡ್ ಪೋಸ್ಟ್ ರಸೀದಿ ಇವುಗಳ ಎರಡೆರಡು ಪ್ರತಿಗಳನ್ನು ಒಯ್ಯಿರಿ. ಮೂಲಪ್ರತಿಯನ್ನು ಯಾರ ಕೈಗೂ ಬಿಟ್ಟುಕೊಡಬೇಡಿ.